ಚಿತ್ರದುರ್ಗದ ಕೋಟೆ: ನೋಡುವವರಿಗೆ ನಾಲ್ಕೂವರೆ, ಬುಡದಲ್ಲಿ ಬದುಕುವವರಿಗೆ ಎರಡು

ಕೋಟೆಗೆ ಅಂಕ ಕೊಡಬೇಕಾದರೆ ಎರಡು ಸಲ ಕೊಡಬೇಕು. ಒಂದು, ಟಿಕೆಟ್ ಕೊಂಡು ಒಳಗೆ ಹೋಗಿ ಬರುವವರ ಕಡೆಯಿಂದ. ಇನ್ನೊಂದು, ಕೋಟೆಯ ಬುಡದಲ್ಲೇ ಮನೆ ಮಾಡಿಕೊಂಡಿರುವವರ ಕಡೆಯಿಂದ. ಮೊದಲನೆಯದಕ್ಕೆ ಐದರಲ್ಲಿ ನಾಲ್ಕೂವರೆ ಕೊಡಲು ಯಾವ ಅಳುಕೂ ಇಲ್ಲ. ಎರಡನೆಯದಕ್ಕೆ ಎರಡಕ್ಕಿಂತ ಹೆಚ್ಚು ಕೊಡಲು ಮನಸ್ಸು ಒಪ್ಪುವುದಿಲ್ಲ. ಈ ಎರಡೂವರೆ ಅಂಕದ ಅಂತರ ಎಲ್ಲಿಂದ ಬಂತು, ಅದನ್ನು ತುಂಬಲು ಏನು ಮಾಡಬಹುದು ಎನ್ನುವುದೇ ಇಲ್ಲಿನ ವಿಷಯ. ಮೊದಲು ಬರುವವರಿಗೆ ಬೇಕಾದ ವಿವರ ಹೇಳಿಬಿಡೋಣ, ಏಕೆಂದರೆ ಊರಿನವರ ಬೇಸರದ ದೊಡ್ಡ ಪಾಲು ಹುಟ್ಟುವುದೇ ಪ್ರವಾಸಿಗರು ವಿವರ ತಿಳಿಯದೆ ಬಂದಾಗ.

ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸುಪರ್ದಿಯಲ್ಲಿದೆ. ಕೌಂಟರಿನಲ್ಲಿ ಭಾರತೀಯರಿಗೆ ಟಿಕೆಟ್ 25 ರೂಪಾಯಿ, ಆನ್‌ಲೈನ್‌ನಲ್ಲಿ ತೆಗೆದರೆ 20. ವಿದೇಶಿಯರಿಗೆ 300. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ. ಭಾನುವಾರ ಕೌಂಟರಿನ ಮುಂದೆ ಸಾಲು ಬೆಳೆಯುತ್ತದೆ. ಆ ಜನಸಂದಣಿಯಲ್ಲಿ ನಿಂತು ಫೋನ್ ಹಿಡಿದು ಹಣ ಕಟ್ಟಲು ಹೆಣಗಾಡುವ ಬದಲು, ಉಳಿದುಕೊಂಡ ಕಡೆಯಲ್ಲೋ ತಿಂಡಿಯ ಹೊತ್ತಿನಲ್ಲೋ ಟಿಕೆಟ್ ತೆಗೆದಿಟ್ಟುಕೊಂಡರೆ ನಿಮಗೂ ಹಗುರ, ಸಾಲಿಗೂ ಹಗುರ. ಶೌಚಾಲಯದ ಕೆಲಸವನ್ನು ಕೆಳಗೆ ದ್ವಾರದ ಬಳಿಯೇ ಮುಗಿಸಿಕೊಂಡು ಹತ್ತಿ. ಮೇಲೆ ಹೋದಮೇಲೆ ಅಂಗಡಿ, ಹೋಟೆಲು, ನೀರು ಸಿಗುತ್ತದೆಂದು ನಂಬಿಕೊಂಡು ಹೋಗಬೇಡಿ. ಚಳಿಗಾಲದಲ್ಲಿ ತಲೆಗೊಂದು ಲೀಟರ್, ಮಾರ್ಚ್‌ನಿಂದ ಮೇವರೆಗೆ ಎರಡು ಲೀಟರ್ ನೀರು ಬೇಕು. ಸ್ಟೀಲ್ ಬಾಟಲಿಯಾದರೆ ಇನ್ನೂ ಒಳ್ಳೆಯದು. ಕಾರಣ ಮುಂದೆ ಹೇಳುತ್ತೇವೆ.

ಬೆಂಗಳೂರಿನಿಂದ ದುರ್ಗ ಸುಮಾರು 200 ಕಿ.ಮೀ., ದಾವಣಗೆರೆಯಿಂದ 60ರ ಆಸುಪಾಸು. ರಾಷ್ಟ್ರೀಯ ಹೆದ್ದಾರಿ 48 ಚೆನ್ನಾಗಿರುವುದರಿಂದ ಬೆಳಿಗ್ಗೆ ಏಳಕ್ಕೆ ಬೆಂಗಳೂರು ಬಿಟ್ಟವರು, ದಾರಿಯಲ್ಲಿ ತಿಂಡಿ ಮುಗಿಸಿ, ಹನ್ನೊಂದರ ಹೊತ್ತಿಗೆ ಕೋಟೆಯ ಬಾಗಿಲಲ್ಲಿರುತ್ತಾರೆ. ಹೆಚ್ಚಿನವರು ಹೀಗೇ ಬರುತ್ತಾರೆ, ಕೋಟೆ ನೋಡಲು ಇದಕ್ಕಿಂತ ಕೆಟ್ಟ ಹೊತ್ತು ಬೇರೆ ಇಲ್ಲ. ಇದು ಪೂರಾ ಬಂಡೆಗಲ್ಲಿನ ಬೆಟ್ಟ. ಹನ್ನೊಂದಾಗುವಷ್ಟರಲ್ಲಿ ಕಲ್ಲು ಕಾದು, ಮೇಲಿನ ಬಿಸಿಲೂ ಕೆಳಗಿನ ಝಳವೂ ಸೇರುತ್ತವೆ. ನೆರಳಿರುವುದು ಬಾಗಿಲುಗಳ ಒಳಗೆ, ದೇವಸ್ಥಾನಗಳ ಮಂಟಪದಲ್ಲಿ, ಅಲ್ಲಲ್ಲಿ ಒಂದೊಂದು ಮರದ ಕೆಳಗೆ ಮಾತ್ರ. ಹಾಗಾಗಿ ಅರ್ಧ ಜನ ಏಕನಾಥೇಶ್ವರಿ ದೇವಸ್ಥಾನ ತಲುಪುವಷ್ಟರಲ್ಲೇ ಸುಸ್ತಾಗಿ ಒಂದೆರಡು ಫೋಟೊ ತೆಗೆದು ಇಳಿದುಬಿಡುತ್ತಾರೆ, ಒನಕೆ ಓಬವ್ವನ ಕಿಂಡಿಯನ್ನು ಕಾಣದೆಯೇ. ಹಿಂದಿನ ರಾತ್ರಿಯೇ ಊರಿಗೆ ಬಂದು ಉಳಿದು, ಬೆಳಿಗ್ಗೆ ಏಳರ ಒಳಗೆ ಹತ್ತಲು ಶುರುಮಾಡಿದರೆ ಹನ್ನೊಂದಕ್ಕೆ ನೆಮ್ಮದಿಯಾಗಿ ಕೆಳಗಿರಬಹುದು. ನಾಲ್ಕು ಗಂಟೆ ಬೇಕೇ ಬೇಕು.

ಈ ನಾಲ್ಕು ಗಂಟೆಯನ್ನು ಹೀಗೆ ಹಂಚಿಕೊಳ್ಳಬಹುದು. ಮೊದಲ ಅರ್ಧ ಗಂಟೆ ಬಾಗಿಲುಗಳಿಗೇ ಕೊಡಿ. ಏಳು ಸುತ್ತಿನ ಕೋಟೆ ಎಂಬ ಹೆಸರಿನ ಅರ್ಥ ಇಲ್ಲೇ ತಿಳಿಯುವುದು. ಒಂದು ಬಾಗಿಲು ದಾಟಿದ ಕೂಡಲೇ ದಾರಿ ನೇರ ಹೋಗದೆ ಮಗ್ಗುಲಿಗೆ ತಿರುಗುತ್ತದೆ, ಮತ್ತೆ ತಿರುಗುತ್ತದೆ. ಆನೆಯಾಗಲಿ ಕುದುರೆದಂಡಾಗಲಿ ಓಡಿಬಂದು ಕದಕ್ಕೆ ಗುದ್ದಲು ಜಾಗವೇ ಸಿಗುವುದಿಲ್ಲ. ಗಾರೆಯಿಲ್ಲದೆ ಒಂದರ ಮೇಲೊಂದು ಕೂಡಿಸಿದ ಕಲ್ಲುಗಳ ಸಂದು ನೋಡಿ, ಚೂರಿಯ ಅಲಗು ತೂರುವುದೂ ಕಷ್ಟ. ಗೋಡೆಯ ಮೇಲಿನ ಹೆಡೆಯೆತ್ತಿದ ಸರ್ಪದ ಕೆತ್ತನೆ ಎಲ್ಲರಿಗೂ ಕಾಣುತ್ತದೆ, ಗಂಡಭೇರುಂಡವನ್ನು ಹುಡುಕಬೇಕು. 19 ಹೆಬ್ಬಾಗಿಲು, 38 ದಿಡ್ಡಿ ಬಾಗಿಲು, 35 ಕಳ್ಳಗಿಂಡಿ ಎನ್ನುವುದು ರೂಢಿಯ ಲೆಕ್ಕ. ಆಮೇಲೆ ಕೋವಿಮದ್ದು ಬೀಸುವ ಕಲ್ಲು: ಗುಂಡಿಯೊಳಗೆ ನಾಲ್ಕು ದೈತ್ಯ ಬೀಸುಕಲ್ಲುಗಳು. ಅಲ್ಲಿಂದ ಏರುತ್ತಾ ಏಕನಾಥೇಶ್ವರಿ, ಸಂಪಿಗೆ ಸಿದ್ದೇಶ್ವರ, ಹಿಡಿಂಬೇಶ್ವರ ದೇವಸ್ಥಾನಗಳು, ದೀಪಸ್ತಂಭ, ಉಯ್ಯಾಲೆ ಕಂಬ, ಹಳೆಯ ಮುರುಘಾಮಠ. ಇಷ್ಟಕ್ಕೆ ಒಂದೂಕಾಲು ಗಂಟೆ. ನಂತರ ನಾಣ್ಯ ಅಚ್ಚು ಹಾಕುತ್ತಿದ್ದ ಟಂಕಸಾಲೆ, ಅರಮನೆಯ ಮಣ್ಣಿನ ಗೋಡೆಗಳು, ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡ. ಕೊನೆಗೆ ತಣ್ಣೀರು ದೋಣಿ ಮತ್ತು ಓಬವ್ವನ ಕಿಂಡಿ. ಕಿಂಡಿಯ ದಾರಿ ಮುಖ್ಯ ದಾರಿಯಿಂದ ಪಕ್ಕಕ್ಕೆ ಒಡೆಯುತ್ತದೆ. ಸರಿಯಾಗಿ ಕೇಳಿಕೊಂಡು ಹೋಗದಿದ್ದರೆ ತಪ್ಪುತ್ತದೆ.

ಮಣ್ಣಿನ ಗೋಡೆಗಳ ವಿಷಯದಲ್ಲಿ ಒಂದು ವಿನಂತಿ. ಕಲ್ಲಿನ ಕೋಟೆಗೆ ಎಷ್ಟು ಜನ ಒರಗಿದರೂ ಏನೂ ಆಗದು, ಮಣ್ಣಿನ ಗೋಡೆಗೆ ಆಗುತ್ತದೆ. ಅವು ದುರ್ಗವನ್ನಾಳಿದ ನಾಯಕರ ಕಾಲದ ಅರಮನೆ, ಟಂಕಸಾಲೆಯ ಉಳಿದ ಮೈ. ಮೇಲ್ಛಾವಣಿ ಹೋಗಿ ನೂರಾರು ಮಳೆಗಾಲ ಕಂಡರೂ ನಿಂತಿವೆ. ಅವುಗಳ ಮೇಲೆ ಹತ್ತಿ ಕುಳಿತರೆ ಮೇಲಿನ ಅಂಚು ಉದುರುತ್ತದೆ, ಉದುರಿದ ಕಡೆ ಮುಂದಿನ ಮಳೆಯ ನೀರು ನಿಂತು ಒಳಗಿಳಿಯುತ್ತದೆ, ಅಲ್ಲಿಂದ ಬಿರುಕು ಬಾಯಿ ಬಿಡುತ್ತದೆ. ಹೆಸರು ಕೆತ್ತುವವರೂ ಆರಿಸಿಕೊಳ್ಳುವುದು ಇದನ್ನೇ, ಕಲ್ಲಿಗಿಂತ ಸುಲಭ ಎಂದು. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಎಂದು ಕಾನೂನು ಹೇಳುತ್ತದೆ. ಶಿಕ್ಷೆಯ ಮಾತು ಬಿಡಿ. ಒಡೆದ ಕಲ್ಲನ್ನು ಹುಡುಕಿ ತಂದು ಕೂಡಿಸಬಹುದು, ಕರಗಿದ ಮಣ್ಣು ಮತ್ತೆ ಬರುವುದಿಲ್ಲ.

ಇನ್ನು ತುಪ್ಪದ ಕೊಳದ ಬತೇರಿ, ಅಂದರೆ ಎತ್ತರದ ಬಂಡೆಯ ಮೇಲಿನ ಕಾವಲು ಬುರುಜು. ಕಡಿದಾದ ಬಂಡೆಯ ಮೇಲೆ ಕಾಲಿಡಲು ಕಡಿದಿರುವ ಕಚ್ಚುಗಳನ್ನು ಹಿಡಿದು ಹತ್ತಬೇಕು. ಹತ್ತುವುದು ಯಾರಿಗೂ ಅಷ್ಟು ಕಷ್ಟವಲ್ಲ, ತೊಂದರೆಯಾಗುವುದು ಇಳಿಯುವಾಗ. ಹತ್ತುವಾಗ ಮುಂದಿನ ಕಚ್ಚು ಕಣ್ಣೆದುರಿಗಿರುತ್ತದೆ. ಇಳಿಯುವಾಗ ಕಾಲಿನಲ್ಲೇ ಹುಡುಕಬೇಕು, ಕಣ್ಣಿಗೆ ಕಾಣುವುದು ಆಳ ಮಾತ್ರ. ಬಂಡೆಗೆ ಮುಖ ಮಾಡಿ, ಮೂರು ಕಡೆ ಹಿಡಿತವಿಟ್ಟುಕೊಂಡು ಒಂದೊಂದೇ ಕಾಲು ಇಳಿಸಬೇಕು. ಚಪ್ಪಲಿ, ಸವೆದ ಶೂ, ಹೆಗಲ ಚೀಲ, ಕೈಯಲ್ಲಿ ಫೋನ್ ಇದ್ದರೆ ಹತ್ತಲೇಬೇಡಿ. ಮಳೆ ಹನಿದು ಅರ್ಧ ದಿನವಾಗಿದ್ದರೂ ಬಂಡೆಯ ಮೇಲಿನ ಹಸಿರು ಪಾಚಿ ಜಾರುತ್ತದೆ. ಮಕ್ಕಳನ್ನು ಇಲ್ಲಿ ಹತ್ತಿಸುವುದು ತಪ್ಪು. ಅಪರಿಚಿತ ಜಾಗದಲ್ಲಿ ಬಂಡೆಯ ಚಾಚಿನ ಕೆಳಗೆ ಕೂಗಾಡುವುದು, ಸಿಗರೇಟು ಹಚ್ಚುವುದೂ ಬೇಡ. ಅಂಥ ಕಡೆ ಹೆಜ್ಜೇನು ಕಟ್ಟಿರುತ್ತದೆ.

ಗೈಡ್ ತೆಗೆದುಕೊಳ್ಳಬೇಕೇ? ಖಂಡಿತ. ಈ ಕೋಟೆಯಲ್ಲಿ ಫಲಕ ಓದಿಕೊಂಡು ತಿರುಗಿದರೆ ಕಾಲುಭಾಗ ಸಿಗುತ್ತದೆ, ಉಳಿದ ಮುಕ್ಕಾಲು ಬಾಯಿಮಾತಿನಲ್ಲಿದೆ. ಹೊರಡುವ ಮುಂಚೆ ಮೂರು ಸಂಗತಿ ಇತ್ಯರ್ಥ ಮಾಡಿಕೊಳ್ಳಿ: ಒಟ್ಟು ಹಣ ಎಷ್ಟು, ಎಷ್ಟು ಹೊತ್ತು, ಓಬವ್ವನ ಕಿಂಡಿ ಮತ್ತು ತಣ್ಣೀರು ದೋಣಿ ಸೇರಿವೆಯೋ ಇಲ್ಲವೋ. ಈ ಮೂರನೆಯದನ್ನು ಕೇಳದವರೇ ಆಮೇಲೆ ಅರ್ಧದಲ್ಲಿ ಬಿಟ್ಟುಹೋದರು ಎಂದು ದೂರುವುದು. ಗುರುತಿನ ಚೀಟಿ ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಒಳ್ಳೆಯ ಗೈಡ್ ಯಾರೆಂದರೆ, ದಾಖಲೆ ಎಲ್ಲಿ ಮುಗಿದು ಜನರ ನಂಬಿಕೆ ಎಲ್ಲಿ ಶುರುವಾಗುತ್ತದೆ ಎಂದು ಬಿಡಿಸಿ ಹೇಳುವವರು. 1568ರಲ್ಲಿ ತಿಮ್ಮಣ್ಣನಾಯಕನಿಂದ ಪಾಳೆಯಪಟ್ಟು (ಪಾಳೆಯಗಾರರ ಆಳ್ವಿಕೆ) ಶುರುವಾದದ್ದು, 1779ರಲ್ಲಿ ಮದಕರಿನಾಯಕನ ಕೈಯಿಂದ ಕೋಟೆ ಹೈದರಾಲಿಯ ವಶವಾದದ್ದು ಚರಿತ್ರೆ. ಹಿಡಿಂಬೇಶ್ವರದಲ್ಲಿರುವುದು ಹಿಡಿಂಬಾಸುರನ ಹಲ್ಲು ಎನ್ನುವುದು ನಂಬಿಕೆ. ಎರಡಕ್ಕೂ ಅವುಗಳದೇ ಬೆಲೆ ಇದೆ, ಎರಡನ್ನೂ ಕಲಸಿ ಹೇಳಬಾರದು. ಪ್ರವಾಸೋದ್ಯಮದಿಂದ ಊರಿನ ಮನೆಗಳಿಗೆ ನೇರವಾಗಿ ಹೋಗುವ ದುಡ್ಡಿನಲ್ಲಿ ಗೈಡ್‌ಗಳ ಸಂಪಾದನೆ ಮುಖ್ಯವಾದದ್ದು, ಹಾಗಾಗಿ ಇಲ್ಲಿ ಚೌಕಾಸಿಗಿಳಿಯಬೇಡಿ.

ಕೋಟೆಯ ಒಳಗಿನ ಮಾತು ಇಷ್ಟು. ಇನ್ನು ಹೊರಗಿನದು.

ಊರಿನವರನ್ನು ಪ್ರವಾಸಿಗರು ಬೇಕೋ ಬೇಡವೋ ಎಂದು ಕೇಳಿದರೆ ಬೇಡ ಎನ್ನುವವರು ಸಿಗುವುದು ಕಷ್ಟ. ದುರ್ಗದವರಿಗೆ ಕೋಟೆಯ ಹೆಮ್ಮೆ ದೊಡ್ಡದು. ಊರಿನ ಹೆಸರನ್ನೇ ಚಿತ್ರದುರ್ಗ ಎನ್ನದೆ ದುರ್ಗ ಎಂದು ಕರೆಯುವವರು ನಾವು. ಬೇಸರವಿರುವುದು ಬರುವ ರೀತಿಯ ಬಗ್ಗೆ, ಅದರಲ್ಲೂ ಎಲ್ಲರೂ ಒಂದೇ ಹೊತ್ತಿಗೆ ಬರುವುದರ ಬಗ್ಗೆ. ಶನಿವಾರ, ಭಾನುವಾರ ಹನ್ನೊಂದರಿಂದ ಮೂರರವರೆಗೆ ಕೋಟೆ ರಸ್ತೆಯ ಎರಡೂ ಬದಿ ಕಾರು. ಹಳೆಯ ಊರಿನ ಈ ಬೀದಿಗಳು ಎತ್ತಿನಗಾಡಿಯ ಅಳತೆಗೆ ಹುಟ್ಟಿದವು. ಎರಡೂ ಕಡೆ ಕಾರು ನಿಂತಮೇಲೆ ನಡುವೆ ಉಳಿಯುವ ಜಾಗದಲ್ಲಿ ಒಂದು ಟೆಂಪೊ ಟ್ರಾವೆಲರ್ ನುಗ್ಗಿದರೆ ಎದುರಿನ ಆಟೋ ಹಿಂದಕ್ಕೆ ಹೋಗಬೇಕು. ಮನೆಯ ಬಾಗಿಲಿಗೆ ಅಡ್ಡಲಾಗಿ ನಿಂತ ಕಾರಿನ ಯಜಮಾನ ಬೆಟ್ಟದ ಮೇಲೆ ಇರುತ್ತಾನೆ, ಅವನು ಇಳಿಯುವವರೆಗೆ ಆ ಮನೆಯ ಸ್ಕೂಟರ್ ಹೊರಗೆ ಬರುವಂತಿಲ್ಲ. ವಯಸ್ಸಾದವರನ್ನು ಆಸ್ಪತ್ರೆಗೆ ಸಾಗಿಸಬೇಕಾದ ಮನೆಗಳಿಗೆ ಇದು ಕಿರಿಕಿರಿಯಷ್ಟೇ ಅಲ್ಲ, ಭಯದ ವಿಷಯ. ಪರಿಹಾರ ತುಂಬ ಸರಳ: ಕಾರನ್ನು ಉಳಿದುಕೊಂಡ ಲಾಡ್ಜಿನಲ್ಲೇ ಬಿಟ್ಟು ಆಟೋದಲ್ಲಿ ಬನ್ನಿ. ಕೆಎಸ್‌ಆರ್‌ಟಿಸಿ ಬಸ್ ನಿಲ್ದಾಣದಿಂದ ಕೋಟೆಗೆ ಎರಡು ಕಿ.ಮೀ. ಆಸುಪಾಸು ಅಷ್ಟೇ. ಇಳಿಯುವಾಗ ಕಾಲು ಸೋತಿರುತ್ತದೆ, ಆಗಲೂ ಆಟೋ ಬಾಗಿಲಲ್ಲೇ ಸಿಗುತ್ತದೆ.

ಇದರ ಹಿಂದೆ ಹೊರಗಿನವರಿಗೆ ಅಷ್ಟಾಗಿ ತಿಳಿಯದ ಒಂದು ಕಾನೂನಿನ ಸಂಗತಿ ಇದೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಮೊದಲನೆಯದರಲ್ಲಿ ಹೊಸ ಕಟ್ಟಡ ಕಟ್ಟುವಂತಿಲ್ಲ, ಇರುವ ಮನೆಯ ದುರಸ್ತಿಗೂ ಅನುಮತಿ ಬೇಕು. ಎರಡನೆಯದರಲ್ಲಿ ಕಟ್ಟಲು ಅನುಮತಿ ಬೇಕು. ಕೋಟೆ ಊರಿನೊಳಗೇ ಇರುವ ನಮ್ಮಂಥ ಕಡೆ ಈ 300 ಮೀಟರ್ ಎಂದರೆ ಬಯಲಲ್ಲ, ಮನೆಗಳು ಒತ್ತಾಗಿರುವ ಬೀದಿಗಳು. ಮಾಳಿಗೆ ಸೋರುತ್ತಿರುವ ಹಳೆಯ ಮನೆಯ ಛಾವಣಿ ಬದಲಿಸಬೇಕು, ಮದುವೆಯಾದ ಮಗನಿಗೆ ಮೇಲೊಂದು ಕೋಣೆ ಎತ್ತಬೇಕು ಎಂದರೆ ಅರ್ಜಿ, ನಕ್ಷೆ, ಅಳತೆ, ಕಾಯುವಿಕೆ. ಕಾನೂನು ಬೇಡ ಎನ್ನುವ ಮಾತು ನಮ್ಮದಲ್ಲ. ಅದಿಲ್ಲದಿದ್ದರೆ ಕೋಟೆಗೋಡೆಗೆ ಅಂಟಿಕೊಂಡು ನಾಲ್ಕಂತಸ್ತಿನ ಕಟ್ಟಡಗಳು ಏಳುತ್ತಿದ್ದವು. ಆದರೆ ಲೆಕ್ಕ ನೋಡಿ. ಕೋಟೆಯ ಹತ್ತಿರ ಇರುವವರು ಕೋಟೆಗಾಗಿ ತಮ್ಮ ಮನೆ ಬೆಳೆಸುವುದನ್ನು ಬಿಟ್ಟಿದ್ದಾರೆ. ಅದೇ ಕಾರಣಕ್ಕೆ ಬಾಗಿಲ ಬಳಿ ಹೊಸ ಲಾಡ್ಜು, ದೊಡ್ಡ ಹೋಟೆಲು ಏಳುವುದೂ ಸುಲಭವಿಲ್ಲ. ಹೀಗಾಗಿ ಪ್ರವಾಸಿಯ ಊಟದ ದುಡ್ಡು ಹೆದ್ದಾರಿಯ ಹೋಟೆಲುಗಳಲ್ಲಿ ಉಳಿಯುತ್ತದೆ, ಹೊಗೆ ಮತ್ತು ಹಾರನ್ನು ಕೋಟೆ ರಸ್ತೆಯಲ್ಲಿ ಉಳಿಯುತ್ತವೆ. ಎರಡು ಅಂಕ ಮಾತ್ರ ಕೊಟ್ಟದ್ದಕ್ಕೆ ಮೊದಲ ಕಾರಣ ಇದೇ.

ಕೋತಿಗಳ ವಿಷಯ ಕೇಳಿದರೆ ಹೊರಗಿನವರು ನಗುತ್ತಾರೆ, ಕಾಮನಬಾವಿ ಬಡಾವಣೆಯಂಥ ಕಡೆ ಇರುವವರಿಗೆ ನಗು ಬರುವುದಿಲ್ಲ. ಕೋಟೆಯ ಕೋತಿಗಳಿಗೆ ಬೆಟ್ಟದ ಹಣ್ಣು, ಚಿಗುರು, ಬೀಜ ಆಹಾರ. ಪ್ರವಾಸಿಗರು ಶನಿವಾರ, ಭಾನುವಾರ ಬಾಳೆಹಣ್ಣು, ಚಿಪ್ಸು, ಬಿಸ್ಕತ್ತು ಎಸೆಯುತ್ತಾರೆ. ಎರಡು ದಿನ ಸುಲಭದ ಆಹಾರ ತಿಂದ ಗುಂಪು ಸೋಮವಾರ ಬೆಳಿಗ್ಗೆ ಅದನ್ನೇ ಹುಡುಕುತ್ತದೆ. ಮೇಲೆ ಸಿಗದಿದ್ದಾಗ ಕೆಳಗಿನ ಮನೆಗಳಿಗೆ ಇಳಿಯುತ್ತದೆ. ಹೆಂಚು ಸರಿಯುತ್ತದೆ, ನೀರಿನ ಟ್ಯಾಂಕಿನ ಮುಚ್ಚಳ ಬೀಳುತ್ತದೆ, ಮಹಡಿಯಲ್ಲಿ ಒಣಹಾಕಿದ ಸಂಡಿಗೆ, ಶೇಂಗಾ ಮಾಯವಾಗುತ್ತದೆ, ಟಿವಿ ಕೇಬಲ್ ಜೋತುಬೀಳುತ್ತದೆ. ಒಬ್ಬರು ಎಸೆದ ಬಾಳೆಹಣ್ಣಿನ ಬೆಲೆಯನ್ನು ಇನ್ನೊಬ್ಬರು ಹೆಂಚು ಕೊಂಡು ತೀರಿಸುತ್ತಾರೆ. ಕೋತಿಗೆ ಏನನ್ನೂ ಕೊಡಬೇಡಿ. ಕೈಯಲ್ಲಿ ಪ್ಲಾಸ್ಟಿಕ್ ಕವರ್ ಹಿಡಿದು ನಡೆಯಲೂಬೇಡಿ. ಕವರಿನ ಸದ್ದು ಎಂದರೆ ತಿಂಡಿ ಎಂದು ಅವು ಕಲಿತುಬಿಟ್ಟಿವೆ. ತಿನ್ನುವುದೆಲ್ಲ ಜಿಪ್ ಇರುವ ಬ್ಯಾಗಿನೊಳಗಿರಲಿ. ಕಿತ್ತುಕೊಂಡರೆ ಬಿಟ್ಟುಬಿಡಿ, ಎಳೆದಾಡಿದರೆ ಪರಚುತ್ತದೆ, ಪರಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಿ, ರೇಬೀಸ್ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಬೇಕು.

ಈಗ ಸ್ಟೀಲ್ ಬಾಟಲಿಯ ಮಾತು. ನಮ್ಮದು ಮಳೆ ಕಡಿಮೆಯ ಜಿಲ್ಲೆ. ಅಂಥ ಬೆಟ್ಟದ ಮೇಲೆ ಸಾವಿರಾರು ಜನ ತಿಂಗಳುಗಟ್ಟಲೆ ಮುತ್ತಿಗೆ ತಡೆದುಕೊಂಡು ಬದುಕಿದ್ದು ಬಂಡೆಯ ಮೇಲೆ ಬಿದ್ದ ಮಳೆಯನ್ನು ಹಿಡಿದಿಟ್ಟುಕೊಂಡದ್ದರಿಂದ. ಬಂಡೆ ನೀರು ಕುಡಿಯುವುದಿಲ್ಲ, ಬಿದ್ದದ್ದೆಲ್ಲ ಹರಿಯುತ್ತದೆ. ಆ ಹರಿವನ್ನು ಕಾಲುವೆಗಳಲ್ಲಿ ತಿರುಗಿಸಿ ಮೇಲಿನ ಹೊಂಡ ತುಂಬಿಸಿದರು. ಅದು ತುಂಬಿ ಹೆಚ್ಚಾದದ್ದು ಕೆಳಗಿನ ಹೊಂಡಕ್ಕೆ, ಹೀಗೆ ಇಳಿಯುತ್ತಾ ಊರೊಳಗಿನ ಸಿಹಿನೀರು ಹೊಂಡ, ಸಂತೆಹೊಂಡದವರೆಗೆ. ಈ ವ್ಯವಸ್ಥೆ ಇಂದಿಗೂ ಕೆಲಸ ಮಾಡುತ್ತದೆ, ಒಳ್ಳೆಯ ಮಳೆಯಾದ ವರ್ಷ ಗೋಪಾಲಸ್ವಾಮಿ ಹೊಂಡ ತುಂಬಿದ ಸುದ್ದಿ ಕೇಳಿದರೆ ಊರಿನವರು ನೋಡಲು ಹತ್ತುತ್ತಾರೆ. ಆದರೆ ನೀರನ್ನು ಹೊಂಡಕ್ಕೆ ತರುವ ಅದೇ ಇಳಿಜಾರು ಬಾಟಲಿಯನ್ನೂ ಚಿಪ್ಸಿನ ಪೊಟ್ಟಣವನ್ನೂ ತರುತ್ತದೆ. ಬಂಡೆಯ ಸಂದಿಗೆ ತುರುಕಿ ಬಂದ ಕವರು ಅಲ್ಲೇ ಇರುತ್ತದೆಂದು ತಿಳಿಯಬೇಡಿ; ಮೊದಲ ದೊಡ್ಡ ಮಳೆಗೆ ಅದು ಕಾಲುವೆಯ ಬಾಯಿಗೆ ಬಂದು ಸಿಕ್ಕಿಕೊಳ್ಳುತ್ತದೆ. ಬಾಯಿ ಕಟ್ಟಿದರೆ ನೀರು ಹೊಂಡ ಬಿಟ್ಟು ಪಕ್ಕಕ್ಕೆ ಹರಿದು ಮೆಟ್ಟಿಲ ಬುಡದ ಮಣ್ಣನ್ನು ಕೊರೆಯುತ್ತದೆ. ಕಸ ಗುಡಿಸುವವರು ಕೈಗೆ ಸಿಗುವ ದಾರಿಯನ್ನು ಚೊಕ್ಕಟವಾಗಿಡುತ್ತಾರೆ, ಅದಕ್ಕೆ ಪೂರ್ತಿ ಮೆಚ್ಚುಗೆ ಸಲ್ಲಬೇಕು. ಬಂಡೆಯ ಆಳದ ಸಂದಿಗಳಿಗೆ ಯಾರ ಕೈಯೂ ಹೋಗುವುದಿಲ್ಲ.

ಕೋಟೆ ನಮಗೆ ನೋಡುವ ಜಾಗ ಮಾತ್ರವಲ್ಲ, ಕೈ ಮುಗಿಯುವ ಜಾಗ. ಏಕನಾಥಮ್ಮ ಈ ಊರಿನ ದೇವತೆ. ಮಗುವಿನ ಜವಳ, ಹೊಸ ಗಾಡಿಯ ಪೂಜೆ, ಹರಕೆ ಎಂದು ಬರುವವರಿಗೂ ಸೆಲ್ಫಿಗೆ ಬರುವವರಿಗೂ ಒಂದೇ ಬಾಗಿಲು, ಒಂದೇ ದಾರಿ. ಗುಡಿಯ ಜಗುಲಿಯ ಮೇಲೆ ಚಪ್ಪಲಿ ಕಾಲಿನಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುವುದು, ಪೂಜೆ ನಡೆಯುವಾಗ ಫೋನಿನಲ್ಲಿ ಸಿನಿಮಾ ಹಾಡು ಹಾಕಿ ರೀಲ್ಸ್ ಮಾಡುವುದು, ದೀಪಸ್ತಂಭದ ಬುಡದಲ್ಲಿ ಊಟ ಬಿಚ್ಚಿ ಎಲೆ ಅಲ್ಲೇ ಬಿಟ್ಟುಹೋಗುವುದು: ವಯಸ್ಸಾದವರಿಗೆ ಕಾರು ನಿಲ್ಲಿಸುವುದಕ್ಕಿಂತ ಹೆಚ್ಚು ನೋವಾಗುವುದು ಇದರಿಂದ. ಓಬವ್ವನ ಕಿಂಡಿಯ ಬಳಿಯೂ ಹಾಗೇ. ಒನಕೆ ಹಿಡಿದಂತೆ ನಟಿಸಿ ನಗುವುದರಲ್ಲಿ ಕೆಟ್ಟದ್ದೇನಿಲ್ಲ, ಮಕ್ಕಳಿಗೆ ಅದರಿಂದಲೇ ಕತೆ ನೆನಪುಳಿಯುತ್ತದೆ. ಆದರೆ ಕಿಂಡಿಯೊಳಗೆ ತೂರಿಕೊಂಡು ಅಲ್ಲೇ ಹತ್ತು ನಿಮಿಷ ನಿಂತುಬಿಟ್ಟರೆ ಹಿಂದಿನವರು ಬಿಸಿಲಲ್ಲಿ ಕಾಯುತ್ತಾರೆ. ಒಬ್ಬರಾಗಿ ತೂರಿ, ಹೊರಬಂದಮೇಲೆ ಪಕ್ಕಕ್ಕೆ ಸರಿದು ಫೋಟೊ ತೆಗೆದುಕೊಳ್ಳಿ. ರಾಜ್ಯ ಸರ್ಕಾರ 2021ರಿಂದ ನವೆಂಬರ್ 11ರಂದು ಓಬವ್ವ ಜಯಂತಿ ಆಚರಿಸುತ್ತಿದೆ. ಓಬವ್ವನನ್ನು ಊರು ಹೇಗೆ ನೆನೆಯುತ್ತದೆಂದು ನೋಡುವ ಆಸೆಯಿದ್ದರೆ ಆ ದಿನ ಬನ್ನಿ.

ನವೆಂಬರ್‌ನಿಂದ ಜನವರಿವರೆಗೆ ಶಾಲಾ ಪ್ರವಾಸದ ಕಾಲ. ಈ ಮಕ್ಕಳು ಬರಬೇಕು, ಅದರಲ್ಲಿ ಎರಡು ಮಾತಿಲ್ಲ. ಕೋಟೆ ಮುಂದೆಯೂ ಉಳಿಯುವುದು ಅವರ ಪ್ರೀತಿಯಿಂದಲೇ. ತಪ್ಪುತ್ತಿರುವುದು ವ್ಯವಸ್ಥೆಯಲ್ಲಿ. ರಾತ್ರಿಯಿಡೀ ಪ್ರಯಾಣ ಮಾಡಿದ ಬಸ್ಸುಗಳು ಒಂದರ ಹಿಂದೊಂದು ಬಂದು, ಒಂದೊಂದರಿಂದಲೂ 50 ಮಕ್ಕಳು ಒಟ್ಟಿಗೇ ಇಳಿದು, ಎಲ್ಲರೂ ಒಂದೇ ಶೌಚಾಲಯದ ಮುಂದೆ ಸಾಲುಗಟ್ಟುತ್ತಾರೆ. ಹೆಣ್ಣುಮಕ್ಕಳ ಸಾಲು ಮುಗಿಯುವುದೇ ಇಲ್ಲ. ಶಿಕ್ಷಕರಿಗೆ ಕೆಲವು ಸಲಹೆಗಳು. ಸ್ನಾನ, ಶೌಚ, ತಿಂಡಿ ಮೂರನ್ನೂ ಕೋಟೆಗೆ ಬರುವ ಮುಂಚೆ ಬೇರೆಡೆ ಮುಗಿಸಿ. ಊರಿನ ಕಲ್ಯಾಣ ಮಂಟಪ, ಶಾಲೆಗಳ ಜೊತೆ ವಾರ ಮೊದಲೇ ಮಾತಾಡಿದರೆ ಜಾಗ ಕೊಡುವವರಿದ್ದಾರೆ. 50 ಮಕ್ಕಳನ್ನು ಒಂದೇ ಗುಂಪಾಗಿ ನಡೆಸಬೇಡಿ, ಹನ್ನೆರಡು-ಹದಿಮೂರರ ನಾಲ್ಕು ಗುಂಪು ಮಾಡಿ ಒಂದೊಂದಕ್ಕೂ ಒಬ್ಬ ದೊಡ್ಡವರನ್ನು ಜೊತೆ ಮಾಡಿ, ಹತ್ತು ನಿಮಿಷ ಬಿಟ್ಟು ಹತ್ತು ನಿಮಿಷಕ್ಕೆ ಒಂದೊಂದು ಗುಂಪನ್ನು ಕಳಿಸಿ. ಹೊಂಡದ ಬಳಿ ಒಬ್ಬ ಶಿಕ್ಷಕರು ಅಲ್ಲೇ ನಿಂತಿರಲಿ, ಕಲ್ಲಿನ ಮೆಟ್ಟಿಲು ನೀರಿನ ಅಂಚಿನಲ್ಲಿ ಜಾರುತ್ತದೆ, ನೀರು ಕಾಣುವುದಕ್ಕಿಂತ ಆಳ. ಎಲ್ಲರೂ ಮತ್ತೆ ಸೇರುವ ಜಾಗ ಏಕನಾಥೇಶ್ವರಿ ಗುಡಿಯ ಮುಂದಿನ ಬಯಲು ಎಂದು ಮೊದಲೇ ಹೇಳಿರಿ, ಏಕೆಂದರೆ ಫೋನಿಲ್ಲದ ಮಗು ದಾರಿ ತಪ್ಪಿದರೂ ಯಾರನ್ನಾದರೂ ಕೇಳಿ ಅಲ್ಲಿಗೆ ಬರಬಲ್ಲದು.

ದುಡ್ಡು ಊರೊಳಗೆ ಉಳಿಯಬೇಕಾದರೆ ಬರುವವರು ಊರೊಳಗೆ ತಿನ್ನಬೇಕು, ಕೊಳ್ಳಬೇಕು. ಕೋಟೆಯಿಂದ ಇಳಿದು ಸೀದಾ ಬೈಪಾಸಿಗೆ ಹೋಗಿ ಎಲ್ಲ ಊರಿನಲ್ಲೂ ಸಿಗುವ ಊಟವನ್ನೇ ಮಾಡುವ ಬದಲು, ಲಕ್ಷ್ಮೀ ಬಜಾರ್, ಸಂತೇಪೇಟೆ, ಗಾಂಧಿ ವೃತ್ತದ ಸುತ್ತ ಒಂದು ಸುತ್ತು ಹಾಕಿ. ಸಂಜೆ ನಾಲ್ಕರ ಮೇಲೆ ಒಗ್ಗರಣೆ ಮಂಡಕ್ಕಿ, ಜೊತೆಗೆ ಬಿಸಿ ಮೆಣಸಿನಕಾಯಿ ಬೋಂಡ ನಮ್ಮ ಕಡೆಯ ತಿಂಡಿ. ಮಧ್ಯಾಹ್ನ ಮುದ್ದೆ ಇಲ್ಲವೇ ರೊಟ್ಟಿಯ ಊಟದ ಖಾನಾವಳಿ ಕೇಳಿ. ಮಳೆಗಾಲ ಮುಗಿಯುವ ಹೊತ್ತಿಗೆ ಬಂದರೆ ಬೆಟ್ಟದ ಸೀತಾಫಲವನ್ನು ಬುಟ್ಟಿಯಲ್ಲಿಟ್ಟು ಮಾರುವ ಹೆಂಗಸರು ಸಿಗುತ್ತಾರೆ; ಬೆಳಗಿನ ಜಾವ ಎದ್ದು ಕಿತ್ತು ತಂದ ಹಣ್ಣು ಅದು, ಕೇಳಿದ ಬೆಲೆ ಕೊಡಿ. ಜಿಲ್ಲೆಯೊಳಗೇ ನೇಯುವ ಮೊಳಕಾಲ್ಮೂರು ರೇಷ್ಮೆ ಸೀರೆ, ಚಳ್ಳಕೆರೆಯ ಕಡೆಯ ಕುರಿ ಉಣ್ಣೆಯ ಕಂಬಳಿ, ಇವೆರಡೂ ಕೋಟೆಯ ಬಾಗಿಲ ಬಳಿ ಕಾಣುವುದು ಅಪರೂಪ, ಅಲ್ಲಿ ತುಂಬಿರುವುದು ಯಾವ ಊರಿನ ಜಾತ್ರೆಯಲ್ಲೂ ಸಿಗುವ ಪ್ಲಾಸ್ಟಿಕ್ ಆಟಿಕೆ. ಇದು ಬರುವವರ ತಪ್ಪಲ್ಲ, ನಮ್ಮದು. ನೇಕಾರರಿಗೂ ಕಂಬಳಿ ಮಾಡುವವರಿಗೂ ಅಲ್ಲಿ ನಾಲ್ಕು ಮಳಿಗೆ ಕೊಡಿಸುವ ಒತ್ತಾಯ ಊರಿನಿಂದಲೇ ಏಳಬೇಕು. ದಾವಣಗೆರೆಯನ್ನು ನೋಡಿ, ಬೆಣ್ಣೆ ದೋಸೆ ತಿನ್ನಲೆಂದೇ ಹೆದ್ದಾರಿ ಬಿಟ್ಟು ಊರೊಳಗೆ ಬರುವವರಿದ್ದಾರೆ. ನಮ್ಮಲ್ಲಿ ಅಷ್ಟು ದೊಡ್ಡ ಕೋಟೆ ಇದ್ದೂ ಪೇಟೆಯವರೆಗೆ ಬರುವವರು ಕಡಿಮೆ.

ಸಮಯವಿದ್ದರೆ ಚಂದ್ರವಳ್ಳಿ ಬಿಡಬೇಡಿ. ಕೆರೆ, ಬಂಡೆ, ಕದಂಬರ ಮಯೂರಶರ್ಮನ ಶಾಸನ, ಅಂಕಲಿ ಮಠದ ನೆಲದೊಳಗಿನ ಕೋಣೆಗಳು. ಒಳಗೆ ಗವ್ವೆನ್ನುವ ಕತ್ತಲೆ, ಫೋನಿನ ಬೆಳಕು ಸಾಲದು, ಟಾರ್ಚ್ ತನ್ನಿ, ತಲೆ ಬಗ್ಗಿಸಿ ನಡೆಯಿರಿ. ಜೋಗಿಮಟ್ಟಿ ಸಂರಕ್ಷಿತ ಕಾಡು. ಕರಡಿ, ಚಿರತೆ ಇರುವ ಜಾಗ. ಅರಣ್ಯ ಇಲಾಖೆ ಬಿಡುವ ಹೊತ್ತು, ಬಿಡುವ ದಾರಿ ಎರಡನ್ನೂ ಮೀರಬೇಡಿ, ಹಾಡು ಹಾಕಬೇಡಿ.

ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರದ, ಅಂದರೆ ಮಾರಿಕಣಿವೆಯ ಅನುಭವ ಇಡೀ ಜಿಲ್ಲೆಗೆ ಪಾಠವಾಗಬೇಕು. 1907ರಲ್ಲಿ ಕಟ್ಟಿ ಮುಗಿದ ಈ ಜಲಾಶಯ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಹರಿದದ್ದು 2022ರಲ್ಲಿ, 89 ವರ್ಷದ ಮೇಲೆ. 2025ರ ಜನವರಿಯಲ್ಲಿ ಮತ್ತೊಮ್ಮೆ ತುಂಬಿತು. ತುಂಬಿದ ಮಾರಿಕಣಿವೆಯನ್ನು ನೋಡಬೇಕೆಂಬ ಆಸೆ ಯಾರಿಗಾದರೂ ಸಹಜ, ಅಜ್ಜಂದಿರ ಬಾಯಲ್ಲಿ ಮಾತ್ರ ಕೇಳಿದ್ದ ದೃಶ್ಯ ಅದು. ಆದರೆ ಇಂಥ ಕಡೆ ಜನ ಒಮ್ಮೆಗೇ ನುಗ್ಗಿದಾಗ ಹಳ್ಳಿಯ ಒಂದೇ ರಸ್ತೆ ಕಟ್ಟುತ್ತದೆ, ಹೊಲದ ಬದುವಿನ ಮೇಲೆ ಬೈಕು ನಿಲ್ಲುತ್ತದೆ, ಊರಿನ ಹೆಂಗಸರು ಬಯಲಿಗೆ ಹೋಗಲೂ ಮುಜುಗರಪಡುವಂತಾಗುತ್ತದೆ. ನೀರು ಇಳಿದಮೇಲೆ ಬಂದವರು ಹೋಗುತ್ತಾರೆ, ಹೊಲದಲ್ಲಿ ಬಿಯರ್ ಬಾಟಲಿಯ ಚೂರು ಉಳಿಯುತ್ತದೆ. ಉಳುಮೆಗೆ ಇಳಿದ ಎತ್ತಿನ ಗೊರಸಿಗೆ ಅದು ಸಿಕ್ಕಮೇಲೆ ಆ ರೈತ ಪ್ರವಾಸಿಗರ ಬಗ್ಗೆ ಏನು ಹೇಳಿಯಾನು?

ಎರಡು ಅಂಕ ಮೂರೂವರೆಗೆ ಏರಬೇಕಾದರೆ ದೊಡ್ಡ ಯೋಜನೆ, ಕೋಟಿಗಟ್ಟಲೆ ಹಣ ಬೇಕಿಲ್ಲ. ಒಂದು, ಬಾಟಲಿಗೆ ಠೇವಣಿ. ಮೈಸೂರಿನ ಮೃಗಾಲಯದಲ್ಲಿ ಬಾಗಿಲಲ್ಲೇ ಪ್ಲಾಸ್ಟಿಕ್ ಬಾಟಲಿಗೆ ಚೀಟಿ ಅಂಟಿಸಿ ಠೇವಣಿ ಪಡೆದು, ವಾಪಸ್ ತಂದು ತೋರಿಸಿದರೆ ಹಣ ಮರಳಿಸುವ ಪದ್ಧತಿ ಇದೆ. ಕೋಟೆಗೂ ಅದು ಹೊಂದುತ್ತದೆ, ಏಕೆಂದರೆ ಪ್ರವಾಸಿಗರ ದಾರಿ ಇಲ್ಲೂ ಒಂದೇ. ಹತ್ತು ಶಾಲಾ ಬಸ್ಸು ಬಂದ ದಿನ ಅದೊಂದರಿಂದಲೇ 500 ಬಾಟಲಿ ಬೆಟ್ಟದಿಂದ ಇಳಿದು ಬರುತ್ತವೆ. ಚೀಟಿ ಅಂಟಿಸುವ, ಎಣಿಸುವ ಕೆಲಸವನ್ನು ಕೋಟೆಯ ಬುಡದ ಬಡಾವಣೆಗಳ ಸ್ವಸಹಾಯ ಸಂಘದ ಹೆಂಗಸರಿಗೆ ಕೊಟ್ಟರೆ, ಮರಳಿ ಪಡೆಯದೆ ಉಳಿದ ಠೇವಣಿ ಅವರ ಕೂಲಿಗಾಗುತ್ತದೆ. ಎರಡು, ವಾರಾಂತ್ಯ ಹತ್ತರಿಂದ ನಾಲ್ಕರವರೆಗೆ ಕೋಟೆ ರಸ್ತೆಗೆ ಅಲ್ಲಿನ ನಿವಾಸಿಗಳ ಗಾಡಿ, ಆಟೋ, ಆಂಬುಲೆನ್ಸ್ ಬಿಟ್ಟು ಬೇರೆಯದಕ್ಕೆ ತಡೆ. ಊರ ಹೊರಗಿನ ಬಯಲಿನಲ್ಲಿ ಕಾರು ನಿಲ್ಲಿಸಿ ಅಲ್ಲಿಂದ ನಿಗದಿತ ದರದ ಆಟೋ. ದರವನ್ನು ದೊಡ್ಡಕ್ಷರದಲ್ಲಿ ಬರೆದು ಹಾಕಬೇಕು; ಇಲ್ಲದಿದ್ದರೆ ಒಬ್ಬಿಬ್ಬರು ಹೆಚ್ಚು ಕೇಳಿ ಎಲ್ಲ ಆಟೋದವರಿಗೂ ಕೆಟ್ಟ ಹೆಸರು ಬರುತ್ತದೆ. ನಡೆಯಲಾಗದ ಹಿರಿಯರನ್ನೂ ಅಂಗವಿಕಲರನ್ನೂ ಬಾಗಿಲವರೆಗೆ ಬಿಡಬೇಕು. ಮೂರು, ಶಾಲಾ ಬಸ್ಸುಗಳಿಗೆ ಮೊದಲೇ ಹೊತ್ತು ಕಾಯ್ದಿರಿಸುವ ವ್ಯವಸ್ಥೆ, ಗಂಟೆಗೆ ಇಂತಿಷ್ಟೇ ಬಸ್ಸು ಎಂದು.

ಅಲ್ಲಿಯವರೆಗೆ ಬರುವವರ ಕೈಯಲ್ಲಿರುವುದು ದಿನ ಮತ್ತು ಹೊತ್ತು ಆರಿಸಿಕೊಳ್ಳುವುದು. ಸೆಪ್ಟೆಂಬರ್ ಕೊನೆಯಿಂದ ಫೆಬ್ರವರಿವರೆಗೆ, ಮಂಗಳವಾರದಿಂದ ಗುರುವಾರದೊಳಗೆ ಒಂದು ದಿನ, ಹಿಂದಿನ ಸಂಜೆಯೇ ಬಂದು ಪೇಟೆಯಲ್ಲಿ ತಿಂದು ಉಳಿದು, ಬೆಳಿಗ್ಗೆ ಊರಿನ ವಾಯುವಿಹಾರಿಗಳ ಜೊತೆಯಲ್ಲೇ ಹತ್ತಿ. ದಾರಿ ಕೇಳಿದರೆ ಅವರೇ ನಿಂತು ಓಬವ್ವನ ಕಿಂಡಿಯ ತಿರುವು ತೋರಿಸುತ್ತಾರೆ.